ಅಂಚಿನ ನಾಲ್ಕು ಸಾಲು

ಅಪ್ಪ ಒದ್ದೆ ಗೋಣಿತಾಟನ್ನು ಎತ್ತಿ, ಅದರಡಿಯ ಹಿಪ್ಪುನೇರಳೆ ಸೊಪ್ಪನ್ನು ಎರಡೂ ತೋಳಲ್ಲಿ ಬಾಚಿಕೊಂಡು ಹುಳದ ಮನೆಯ ಕಡೆ ತಿರುಗಿದಾಗ, "ಅದನ್ನ ಹಾಕಬೇಡಪ್ಪ" ಎಂದು ನಾನು ಹೇಳಲಿಲ್ಲ. ಹೇಳಬೇಕಾದದ್ದು ಅಷ್ಟೇ ಇತ್ತು. ಬಾಯಿ ತೆರೆದಿದ್ದೆ ಕೂಡ. "ಏನೋ?" ಅಂದ ಅಪ್ಪ. "ಏನಿಲ್ಲ" ಅಂದೆ. ಅವನು ಒಳಗೆ ಹೋದ. ಹಿಂದೆ ಬಲೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾನು ಹೊರಗೆ ಕಲ್ಲುಕಂಬಕ್ಕೆ ಒರಗಿ ನಿಂತೆ. 

ಆ ಒಂದು ಮಾತು ನುಂಗಿದ್ದಕ್ಕೆ ಒಂದು ಮನೆ ತುಂಬ ರೇಷ್ಮೆಹುಳು ಸತ್ತವು. ಹುಳು ಹೋದರೆ ಇನ್ನೊಂದು ಬೆಳೆ ಬರುತ್ತದೆ. ಆದರೆ ನನ್ನ ತಂಗಿಯೂ ಅವಳ ಗೆಳತಿಯೂ ತಾವು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಓಡಾಡಿದರು. ಅದನ್ನು ಇಳಿಸಬಲ್ಲವನು ನಾನೊಬ್ಬನೇ ಇದ್ದೆ. ಇಳಿಸಲಿಲ್ಲ.

ನಮ್ಮೂರು ಮಂಡಿಕಲ್ ಕಡೆ. ನಾನು ಏಳನೇ ತರಗತಿಗೆ ಸ್ಕೂಲು ಬಿಟ್ಟು ಅಪ್ಪನ ಜೊತೆ ಹುಳ ಸಾಕುವುದಕ್ಕೆ ನಿಂತವನು. ತಂಗಿ ನನಗಿಂತ ಬಹಳ ಚಿಕ್ಕವಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಪತ್ರಿಕೋದ್ಯಮ. ಕೊನೆಯ ಪರೀಕ್ಷೆಗೆ ಬದಲು ಇಬ್ಬಿಬ್ಬರು ಸೇರಿ ಹತ್ತು ನಿಮಿಷದ ಒಂದು ಚಿತ್ರ ಮಾಡಿ ತೋರಿಸಬೇಕು, ಅದು ಆಗದಿದ್ದರೆ ಪಾಸಿಲ್ಲ ಎಂದು ಅವರ ಮೇಷ್ಟ್ರು ಹೇಳಿದ್ದರಂತೆ. ಅವಳ ಜೊತೆಗಾತಿ ಅಲೀಪುರದ ಹುಡುಗಿ. ದಿನಾ ಗೌರಿಬಿದನೂರಿನ ಬಸ್ಸು ಹಿಡಿದು ಮಂಚೇನಹಳ್ಳಿ ಮೇಲೆ ಕಾಲೇಜಿಗೆ ಬರುವವಳು. ಕ್ಯಾಮೆರಾ ಹಿಡಿಯುವುದು ಅವಳು, ಏನನ್ನು ಹಿಡಿಯಬೇಕೆಂದು ಹೇಳುವುದು ನನ್ನ ತಂಗಿ.

"ಎಲ್ಲಾರೂ ನಂದಿ ಬೆಟ್ಟಕ್ಕೆ ಹೋಗ್ತಾವ್ರೆ ಅಣ್ಣ, ಸೂರ್ಯ ಹುಟ್ಟೋದು ತೆಗೆಯೋಕೆ. ನಾವು ನಮ್ಮ ಹುಳದ ಮನೆ ತೆಗೀತೀವಿ."

"ಹುಳದಲ್ಲೇನಿದೆಯೇ ನೋಡೋಕೆ? ತಿಂತಾವೆ, ಮಲಗ್ತಾವೆ."

"ಅದೇ ಕಣೋ. ನಿನ್ನ ಹಂಗೆ" ಅಂದಳು.

ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಹುಳು ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲಂತೂ ನೆಂಟರು ಬಂದರೂ ಹೊಸಿಲಾಚೆಯೇ. ಸೆಂಟು, ಪೌಡರು, ಊದುಬತ್ತಿ, ಬೀಡಿ ಯಾವ ವಾಸನೆಯೂ ಒಳಗೆ ಹೋಗಬಾರದು. ಮೊಣಕಾಲು ಕೆಟ್ಟಿದ್ದರೂ ಅಪ್ಪ ಈ ವಿಷಯದಲ್ಲಿ ಸಡಿಲ ಬಿಟ್ಟವನಲ್ಲ. ತಂಗಿ ಕೇಳಿದಾಗ ಮೊದಲು ಆಗುವುದಿಲ್ಲ ಎಂದೇ ಬಿಟ್ಟ. ಅವಳ ಮುಖ ನೋಡಿ ನಾನೇ ನಡುವೆ ಬಂದೆ. "ನಾನಿರ್ತೀನಲ್ಲಪ್ಪ, ನೋಡ್ಕೋತೀನಿ ಬಿಡು" ಅಂದೆ. ಅಪ್ಪ ನನ್ನನ್ನೇ ದಿಟ್ಟಿಸಿ, "ಏನಾದ್ರೂ ಆದ್ರೆ ನಿನ್ನೇ ಕೇಳೋದು" ಅಂದ.

ಹುಡುಗಿಯರು ಬಂದಾಗ ನಾಲ್ಕನೇ ಜ್ವರ ಎದ್ದು ಹುಳುಗಳು ಹಗಲು ರಾತ್ರಿ ತಿನ್ನುತ್ತಿದ್ದವು. ಅಲೀಪುರದ ಹುಡುಗಿ ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಎರಡೆರಡು ಸಲ ಕಾಲು ಅದ್ದಿದಳು. ಒಳಗೆ ಹೋಗಿ ತಟ್ಟೆಗಳ ಸಾಲಿನ ಮುಂದೆ ಸುಮ್ಮನೆ ನಿಂತಳು. ಒಣಗಿದ ರಾಗಿ ಹುಲ್ಲಿನ ಮೇಲೆ ಯಾರೋ ಬಹಳ ಜನ ಮೆಲ್ಲಗೆ ನಡೆದ ಹಾಗೆ ಒಂದೇ ಸಮನೆ ಸದ್ದು.

"ಈ ಸೌಂಡು ಯಾವುದು?" ಅಂದಳು ಪಿಸುದನಿಯಲ್ಲಿ.

"ಹುಳ ತಿನ್ನೋದು ಕಣಮ್ಮ."

"ಎಲ್ಲಾ ಸೇರಿಯಾ?" ಎಂದು ಅವಳು ತಂಗಿಯ ಮುಖ ನೋಡಿದಳು. ತಂಗಿ ಅವಳ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ನಕ್ಕರು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದ ನನಗೆ ನಗುವಂಥದ್ದು ಏನಿದೆಯೆಂದು ತಿಳಿಯಲಿಲ್ಲ.

ಎರಡನೇ ದಿನ ಬೆಳಿಗ್ಗೆ ಸೊಪ್ಪು ಕೊಯ್ಯುವುದನ್ನು ತೆಗೆಯಬೇಕು ಅಂದರು. ತೋಟ ಕೆರೆ ಏರಿಯ ಆಚೆ. ಅಪ್ಪನಿಗೆ ಅಷ್ಟು ದೂರ ನಡೆಯಲಾಗುವುದಿಲ್ಲ. ಅಲೀಪುರದ ಹುಡುಗಿ ನನ್ನ ಅಂಗಿಯ ಕಾಲರಿಗೆ ಅವರೆಕಾಳಿನಷ್ಟು ಚಿಕ್ಕದೊಂದು ಮೈಕು ಸಿಕ್ಕಿಸಿದಳು. "ಅಣ್ಣ, ಇದು ಆನ್ ಇರುತ್ತೆ, ನೀವು ಮರ್ತೇಬಿಡಿ" ಅಂದಳು. ನಾನು ನಿಜವಾಗಿ ಮರೆತುಬಿಟ್ಟೆ. ಕ್ಯಾಮೆರಾ ಮುಂದೆ ನಿಲ್ಲುವುದೆಂದು ಅಂಗಿಗೆ ಇಸ್ತ್ರಿ ಹಾಕಿದ್ದೆ. ಅದರ ಕಡೆಯೇ ನನ್ನ ಗಮನ.

ಅವರಿಬ್ಬರೂ ಹಿಂದೆ ಸ್ಟ್ಯಾಂಡು ನಿಲ್ಲಿಸುತ್ತಿದ್ದರು. ನಾನು ಕುಡುಗೋಲು ಹಿಡಿದು ಮುಂದೆ ಹೋದೆ. ನಮ್ಮ ಸೊಪ್ಪಿನ ತೋಟದ ಪಕ್ಕಕ್ಕೆ ದ್ರಾಕ್ಷಿ ತೋಟ. ಅದರ ಯಜಮಾನ ನಮ್ಮೂರಿನವನೇ, ತೆಲುಗು ಮಾತಾಡುವವನು. ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡು ಇತ್ತು. ಅವನು ಬಳ್ಳಿಗೆ ಔಷಧಿ ಹೊಡೆದಾಗ ನಮಗೆ ಕೂಗಿ ಹೇಳುತ್ತಾನೆ. ನಾವು ಅವನ ಬದಿಯ ನಾಲ್ಕು ಸಾಲನ್ನು ಮಳೆ ಬಂದು ತೊಳೆಯುವ ತನಕ ಮುಟ್ಟುವುದಿಲ್ಲ. ಗಾಳಿಗೆ ತೇಲಿಬಂದ ಔಷಧಿ ಆ ಎಲೆಯ ಮೇಲೆ ಕೂತಿರುತ್ತದೆ. ಹಸುವಿಗೂ ಹಾಕುವಂತಿಲ್ಲ, ಹುಳುವಿಗಂತೂ ವಿಷ.

ಆ ಬೆಳಿಗ್ಗೆಯೂ ಅವನು ಬೇಲಿಯ ಆಚೆಯಿಂದ ಕೂಗಿದ. "ಏಮಪ್ಪಾ, ನಿನ್ನೆ ಸಂಜೆ ಹೊಡೆದಿದ್ದೀನಿ. ಈ ಕಡೆ ಸೊಪ್ಪು ಮುಟ್ಟಬ್ಯಾಡ."

"ಗೊತ್ತು ಬಿಡಣ್ಣ, ಯಾರು ಮುಟ್ತಾರೆ" ಅಂದೆ. ಅವನು ಹೊರಟುಹೋದ.

ಆಮೇಲೆ ಹುಡುಗಿಯರು ಬಂದರು. ಕ್ಯಾಮೆರಾದವಳು ಅಲ್ಲಿ ಇಲ್ಲಿ ನಿಂತು ನೋಡಿ, ದ್ರಾಕ್ಷಿ ಬದಿಗೆ ಕೈ ತೋರಿಸಿದಳು. "ಅಣ್ಣ, ಅಲ್ಲಿ ಬೆಳಕು ಎಷ್ಟು ಚೆನ್ನಾಗಿದೆ ನೋಡಿ, ಎಲೆ ಎಲ್ಲ ಹೊಳೀತಿದೆ. ಅಲ್ಲಿ ಕೊಯ್ತೀರಾ?"

ತಂಗಿ, "ಅದು ಅಂಚಿನ ಸಾಲು ಕಣೇ" ಎಂದು ನನ್ನ ಕಡೆ ತಿರುಗಿದಳು. "ಹೊಡೆದವ್ರಾ ಅಣ್ಣ?"

ನಾನು ಏನು ಹೇಳಿದೆನೋ ಅದನ್ನು ಬರೆಯಲು ಇಂದಿಗೂ ಕೈ ಬರುವುದಿಲ್ಲ. "ಇಲ್ಲ, ಇಲ್ಲ. ಕೊಯ್ಬೋದು" ಅಂದೆ. ಯಾಕೆ ಹಾಗೆ ಹೇಳಿದೆ? ಎಲೆ ಹೊಳೆಯುತ್ತಿತ್ತು. ಅವಳು ಕೇಳಿದ್ದಳು. ಯಾವತ್ತೂ ಯಾರೂ ನನ್ನನ್ನು ಅಲ್ಲಿ ನಿಲ್ಲು, ಇಲ್ಲಿ ನೋಡು ಎಂದು ಕೇಳಿರಲಿಲ್ಲ. ಒಂದು ಹೊರೆ ಕೊಯ್ದು ಆಮೇಲೆ ಬದುವಿನ ಆಚೆ ಎಸೆದರಾಯಿತು ಎಂದುಕೊಂಡೆ. ಕೊಯ್ದೆ. ಹೊರೆ ಕಟ್ಟಿದೆ. ತಲೆಯ ಮೇಲಿಟ್ಟುಕೊಂಡು ಏರಿಯ ಮೇಲೆ ನಡೆದೆ. ಅವರು ಹಿಂದೆ ಮುಂದೆ ಓಡುತ್ತ ತೆಗೆದರು. ಹುಳದ ಮನೆಯ ಹತ್ತಿರ ಬಂದಾಗ, ಇದನ್ನು ಇಲ್ಲಿಳಿಸಿ ಬೇರೆ ಸೊಪ್ಪು ಹಾಕೋಣ ಅಂದೆ.

"ಅಯ್ಯೋ ಬೇಡ ಅಣ್ಣ" ಅಂದಳು ತಂಗಿ. "ಇದೇ ಹೊರೆ ಒಳಗೆ ಬರ್ಬೇಕು, ಇದೇ ಸೊಪ್ಪನ್ನ ನೀನು ಹಾಕ್ಬೇಕು. ಇಲ್ದಿದ್ರೆ ಕಂಟಿನ್ಯುಟಿ ಹೋಗುತ್ತೆ. ನೋಡೋರಿಗೆ ತಕ್ಷಣ ಗೊತ್ತಾಗುತ್ತೆ."

ನೋಡುವವರಿಗೆ ಸುಳ್ಳು ಕಾಣಬಾರದು ಎಂಬುದು ಅವಳ ಹಟ. ಅವಳ ಕಣ್ಣೆದುರಿಗೇ ಹೇಳಿದ ಸುಳ್ಳನ್ನು ಬಿಡಲಾರದೆ ನಾನು ಒಳಗೆ ಹೋದೆ. ಮೊದಲನೇ ಸಾಲಿನ ತಟ್ಟೆಗಳಿಗೆ ಆ ಸೊಪ್ಪು ಹಾಸಿದೆ. ಹುಳುಗಳು ತಲೆಯೆತ್ತಿ ಅದರ ಮೇಲೆ ಹರಿದುಬಂದವು. ಕ್ಯಾಮೆರಾ ನನ್ನ ಕೈಯ ಪಕ್ಕದಲ್ಲೇ ಇತ್ತು. ಉಳಿದದ್ದನ್ನು ಹೊರಗಿನ ಸೊಪ್ಪಿನ ರಾಶಿಗೆ ಹಾಕಿ ಗೋಣಿತಾಟು ಮುಚ್ಚಿದೆ. ಮೈಕು ಬಿಚ್ಚಿಕೊಳ್ಳುತ್ತ ಅಲೀಪುರದವಳು ನಕ್ಕಳು: "ಅಣ್ಣ, ನೀವು ಎಷ್ಟು ಉಸಿರು ಬಿಡ್ತೀರಿ! ಎಲ್ಲಾ ಬಂದಿದೆ ನೋಡಿ ಇದರಲ್ಲಿ."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಮಧ್ಯಾಹ್ನ ಒಳಗೆ ಹೋದೆ. ಮೊದಲನೇ ಸಾಲಿನಲ್ಲಿ ಸದ್ದಿರಲಿಲ್ಲ. ಹುಳುಗಳು ಮುಂದಿನ ಅರ್ಧ ಮೈಯನ್ನು ಎತ್ತಿ ಆ ಕಡೆಗೂ ಈ ಕಡೆಗೂ ತಲೆ ಆಡಿಸುತ್ತಿದ್ದವು. ಯಾರೋ ಕರೆದರೆ ಬೇಡ ಬೇಡ ಎಂದ ಹಾಗೆ. ಕೆಲವು ಹಸಿರು ನೀರು ಕಕ್ಕಿದ್ದವು. ಒಂದು ತಟ್ಟೆಯಂಚಿನಿಂದ ಜಾರಿ ನನ್ನ ಪಾದದ ಮೇಲೆ ಬಿತ್ತು. ತಣ್ಣಗಿತ್ತು. ನಾನು ಕಾಲು ಝಾಡಿಸಿದೆ.

ಆಗಲೇ ಓಡಿಹೋಗಿ ಹೇಳಿದ್ದರೆ ಆ ಒಂದು ಸಾಲು ಹೋಗಿ ಉಳಿದದ್ದು ಉಳಿಯುತ್ತಿತ್ತು. ನಾನು ಮೊದಲನೇ ಸಾಲಿನ ಸೊಪ್ಪನ್ನಷ್ಟೇ ಕಳ್ಳನ ಹಾಗೆ ತೆಗೆದು ಗುಂಡಿಗೆ ಹಾಕಿ, ಹುಳು ಕಾಣದ ಹಾಗೆ ಬೇರೆ ಸೊಪ್ಪು ಮುಚ್ಚಿದೆ. ರಾಶಿಯನ್ನೂ ಎಸೆದರೆ ಅಪ್ಪ ಯಾಕೆ ಎಂದು ಕೇಳುತ್ತಾನೆ. ರಾಶಿಯಲ್ಲಿ ಬೇರೆ ಸೊಪ್ಪೂ ಇದೆಯಲ್ಲ, ಬೆರೆತುಹೋಗಿದೆ, ಏನೂ ಆಗಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಿರುವಾಗಲೇ ಸಂಜೆಯಾಯಿತು. ಅಪ್ಪ ಬಂದು ಗೋಣಿತಾಟು ಎತ್ತಿದ.

ಬೆಳಗಾಗುವುದರಲ್ಲಿ ಮನೆಗೆ ಮನೆಯೇ ತಲೆ ಆಡಿಸುತ್ತಿತ್ತು.

ಅಪ್ಪ ಬಾಗಿಲಲ್ಲಿ ಕೂತುಬಿಟ್ಟ. ಮೊದಲು ಕೇಳಿದ್ದೇ, "ಅಂಚಿನ ಸಾಲು ಮುಟ್ಟಿದ್ಯೇನೋ?" ಎಂದು.

"ಇಲ್ಲಪ್ಪ."

"ನನ್ನ ಮುಖ ನೋಡಿ ಹೇಳು."

ನೋಡಿಯೇ ಹೇಳಿದೆ. "ಇಲ್ಲ."

ದ್ರಾಕ್ಷಿ ತೋಟದವನಿಗೆ ಸುದ್ದಿ ಮುಟ್ಟಿ ಅವನೂ ಓಡಿಬಂದ. ಅವನನ್ನು ಬಾಗಿಲಲ್ಲಿ ಕಂಡಾಗ ನನಗೆ ಉಚ್ಚೆ ಹೋಗುವಷ್ಟು ಭಯವಾಯಿತು. "ನಾನು ಕೂಗಿ ಹೇಳಿದ್ದೆ ಕಣಪ್ಪ, ನಿನ್ನ ಮಗನೇ ಗೊತ್ತು ಅಂದ" ಎಂದ ಅವನು. ಅವನಿಗೂ ಹೆದರಿಕೆ, ತನ್ನ ಔಷಧಿಯ ಮೇಲೆ ಬರುತ್ತದೆಂದು. ಅಪ್ಪ, "ಆ ಸಾಲು ಮುಟ್ಟಿಲ್ಲ ಅಂತಾನೆ. ನನ್ನ ಮಗ ಸುಳ್ಳು ಹೇಳಲ್ಲ" ಅಂದ. ದ್ರಾಕ್ಷಿಯವನು ನನ್ನನ್ನು ಒಂದು ಸಲ ನೋಡಿದ. "ಹಂಗಾದ್ರೆ ಸರೇ" ಎಂದು ಚಪ್ಪಲಿ ಮೆಟ್ಟಿಕೊಂಡ. ಈ ಮಾತು ನಡೆಯುವಾಗ ತಂಗಿ ಬಾವಿಯ ಕಡೆ ಹೋಗಿದ್ದಳು, ಬಂದ ಮೇಲೂ ಔಷಧಿ ಹೊಡೆದಿಲ್ಲ ಎಂದ ನನ್ನ ಮಾತನ್ನೇ ನಂಬಿ ಸೊಪ್ಪಿನ ಸುದ್ದಿ ಎತ್ತಲಿಲ್ಲ.

ಸೊಪ್ಪಲ್ಲ, ಔಷಧಿಯಲ್ಲ ಅಂದಮೇಲೆ ಇನ್ನೇನು ಉಳಿಯಿತು? ಅಮ್ಮ ಒಲೆಯ ಮುಂದಿನಿಂದ ಅಂದಳು, "ಆ ಅಲೀಪುರದ ಹುಡುಗಿ ಘಮಘಮ ಅಂತಿದ್ಲು. ಅತ್ತರು ಹಾಕ್ಕೊಂಡಿದ್ಲೋ ಏನೋ."

"ಅದು ಸೋಪಿನ ವಾಸನೆ ಅಮ್ಮಾ! ಬೆಳಿಗ್ಗೆ ಸ್ನಾನ ಮಾಡಿ ಬಂದಿದ್ಲು, ಅಷ್ಟೇ" ಎಂದು ತಂಗಿ ಕೂಗಿದಳು.

"ಹುಳಕ್ಕೆ ಸೋಪೂ ಒಂದೇ ಅತ್ತರೂ ಒಂದೇ" ಅಂದ ಅಪ್ಪ. "ಹೊರಗಿನವರನ್ನ ಬಿಡಬಾರದಿತ್ತು. ನನ್ನದೇ ತಪ್ಪು. ಇನ್ನು ಮೇಲೆ ಆ ಹುಡುಗಿ ಈ ಹೊಸಿಲು ತುಳಿಯೋ ಹಾಗಿಲ್ಲ. ನಿನ್ನ ಕ್ಯಾಮೆರಾನೂ ಸಾಕು."

ಸಾಕು ಅಂದರೆ ಚಿತ್ರ ಅರ್ಧಕ್ಕೇ ನಿಂತಹಾಗೆ. ಹುಳು ಹಣ್ಣಾಗಿ ಬಿದಿರಿನ ಗೂಡುತಟ್ಟೆಗೆ, ಅಂದರೆ ಚಂದ್ರಿಕೆಗೆ ಹತ್ತುವುದು, ನೂಲು ಬಿಡುವುದು, ಗೂಡು ಕಟ್ಟುವುದು ಯಾವುದನ್ನೂ ಅವರು ತೆಗೆದಿರಲಿಲ್ಲ. ಅದಿಲ್ಲದೆ ಪಾಸಿಲ್ಲ. ತಂಗಿ ಆ ಮಾತನ್ನು ಎತ್ತಲೇ ಇಲ್ಲ. ಸತ್ತ ಹುಳುಗಳನ್ನು ನಾನೂ ಅವಳೂ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು ಸುಣ್ಣ ಹಾಕುತ್ತಿದ್ದಾಗ, "ನಾನೇ ಕರ್ಕೊಂಡು ಬಂದೆ ಅಣ್ಣ. ನನ್ನಿಂದಾನೇ ಆಯ್ತು" ಎಂದು ಅಳುತ್ತ ಹೇಳಿದಳು. ನಾನು ಅವಳ ಬೆನ್ನು ಸವರಿ, "ಬಿಡಮ್ಮ, ಬೇಕೂಂತ ಮಾಡಿದ್ಯಾ" ಅಂದೆ. ಅವಳನ್ನು ನಾನು ಕ್ಷಮಿಸಿದಂತೆ ಇತ್ತು ನನ್ನ ದನಿ.

ಬೇರೆ ಯಾರಾದರೂ ಆ ಚಿತ್ರವನ್ನು ಬಿಟ್ಟು ನಂದಿ ಬೆಟ್ಟ ಹತ್ತುತ್ತಿದ್ದರು. ಅವಳು ಬಿಡಲಿಲ್ಲ. "ಚಿತ್ರ ಅರ್ಧ ಇದ್ರೆ ಏನಂತೆ, ಸೌಂಡಿದೆಯಲ್ಲ" ಅಂದಳು. ಚಿತ್ರದಲ್ಲಿ ಮಾತೇ ಬೇಡ, ಹಾಡೂ ಬೇಡ, ವಿವರಣೆಯೂ ಬೇಡ, ಕೇಳಿಸಿದ್ದರಿಂದಲೇ ಕಥೆ ಹೇಳಬೇಕು ಎಂದು ಇಬ್ಬರೂ ತೀರ್ಮಾನ ಮಾಡಿದರು. ಗೂಡು ಬೇಕಲ್ಲ, ಅದಕ್ಕೆ ಶಿಡ್ಲಘಟ್ಟಕ್ಕೆ ಹೋಗಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ ಸದ್ದು ಹಿಡಿದು ತರುತ್ತೇನೆ ಅಂದಳು. ತಪ್ಪು ಮಾಡಿದವನ ಉಪಚಾರ ಹೆಚ್ಚು. ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಬಾಣಲೆಯಲ್ಲಿ ನೀರು ಕುದಿಯುವುದು, ರಾಟೆ ತಿರುಗುವುದು, ಹೆಂಗಸರ ಬಳೆ ಸದ್ದು, ಎಲ್ಲದಕ್ಕೂ ಅದೇ ಅವರೆಕಾಳಿನಂಥ ಮೈಕನ್ನು ಒಡ್ಡಿ ಕಣ್ಣು ಮುಚ್ಚಿ ನಿಂತಿದ್ದಳು.

ಆ ಮೈಕನ್ನು ನೋಡಿದಾಗ ನನಗೆ ನೆನಪಾಯಿತು.

ಆ ಬೆಳಿಗ್ಗೆ ಅದು ನನ್ನ ಕಾಲರಿನಲ್ಲಿತ್ತು. ಉಸಿರು ಬಿಟ್ಟದ್ದೂ ಬಂದಿದೆ ಎಂದಿದ್ದಳು ಆ ಹುಡುಗಿ. ಹಾಗಾದರೆ ಬೇಲಿಯ ಆಚೆಯ ಕೂಗು? ನನ್ನ 'ಗೊತ್ತು ಬಿಡಣ್ಣ'? ತಂಗಿಗೆ ಹೇಳಿದ 'ಇಲ್ಲ, ಕೊಯ್ಬೋದು'? ಮೂರೂ ಒಂದರ ಹಿಂದೊಂದು ಅದರೊಳಗೆ ಕೂತಿರಬೇಕು.  ವಾಪಸ್ಸು ಬರುವಾಗ ಅವಳು ಹಿಂದಿನಿಂದ, "ಯಾಕೋ ಇಷ್ಟು ಮೆಲ್ಲಗೆ ಓಡಿಸ್ತಿದ್ದೀಯ? ನಡ್ಕೊಂಡು ಹೋದೋರೇ ಮುಂದೆ ಹೋದ್ರು" ಎಂದು ಬೆನ್ನಿಗೆ ಗುದ್ದಿದಳು. ಅವಳಿನ್ನೂ ಅದನ್ನು ಕೇಳಿಲ್ಲ ಎಂದು ಆಗ ಗೊತ್ತಾಯಿತು. ಕೇಳಿಲ್ಲ, ಆದರೆ ಕೇಳುತ್ತಾಳೆ.

ಆಮೇಲಿನ ದಿನಗಳು ಹೇಗೆ ಹೋದವೋ. ಗೆಳತಿಯ ಲ್ಯಾಪ್‌ಟಾಪನ್ನು ಮನೆಗೆ ತಂದು ನಡುಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದಳು. ಕಿವಿಗೆ ಹಾಕಿಕೊಂಡದ್ದು ಅವಳೊಬ್ಬಳಿಗೇ ಕೇಳುತ್ತಿತ್ತು. ಅವಳ ಮುಖದಲ್ಲಿ ಏನಾದರೂ ಬದಲಾಯಿತೇ ಎಂದು ನಾನು ಊಟದ ತಟ್ಟೆಯ ಮೇಲಿನಿಂದ, ಬಾಗಿಲ ಸಂದಿಯಿಂದ ಕಾಯುತ್ತಿದ್ದೆ. ಒಂದು ದಿನ ಅವಳು ಬಾವಿಯ ಕಡೆ ಹೋದಾಗ ಹೋಗಿ ಲ್ಯಾಪ್‌ಟಾಪ್ ತೆರೆದೆ. ಅಳಿಸಿಬಿಡುವುದೇ ನನ್ನ ಯೋಚನೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ಸುಮ್ಮನೆ ಒಂದೆರಡು ಅಕ್ಷರ ಒತ್ತಿದೆ. ತಪ್ಪು ಎಂದು ಕೆಂಪಗೆ ತೋರಿಸಿತು. ಯಾರೋ ಕೆನ್ನೆಗೆ ಹೊಡೆದ ಹಾಗಾಗಿ ಮುಚ್ಚಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ, ನಾನು ಬಿಂದಿಗೆ ಹೊತ್ತು ನಡುಮನೆ ದಾಟುತ್ತಿದ್ದಾಗ ಅವಳ ಬೆರಳು ನಿಂತಿತು. ಹಿಂದಕ್ಕೆ ತಿರುಗಿಸಿ ಕೇಳಿದಳು. ಮತ್ತೆ ತಿರುಗಿಸಿ ಕೇಳಿದಳು. ಒಂದು ಕಿವಿಯದನ್ನು ತೆಗೆದು ನನ್ನ ಕಡೆ ನೋಡಿದಳು.

"ಏನಮ್ಮ?" ಅಂದೆ. ಬಿಂದಿಗೆಯ ನೀರು ಅಲುಗಿ ಹೆಗಲ ಮೇಲೆ ಚೆಲ್ಲಿತು.

"ಏನಿಲ್ಲ" ಎಂದು ಮತ್ತೆ ಕಿವಿಗಿಟ್ಟುಕೊಂಡಳು.

ಆವತ್ತಿನಿಂದ ಅವಳ ಬಾಯಲ್ಲಿ ಅಣ್ಣ ಎಂಬ ಮಾತು ಬರಲಿಲ್ಲ. ಬೈಯಲಿಲ್ಲ, ಜಗಳವಾಡಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಅನ್ನ ಬೇಕಾ, ಸಾರು ಬೇಕಾ ಎಂದು ಗೋಡೆಗೆ ಕೇಳಿದ ಹಾಗೆ ಕೇಳುತ್ತಿದ್ದಳು. ಅಪ್ಪ ಅವಳನ್ನು ಕಂಡಾಗಲೆಲ್ಲ ಮುಖ ತಿರುಗಿಸುವುದು ಇನ್ನೂ ನಿಂತಿರಲಿಲ್ಲ. ಅದನ್ನೂ ಸುಮ್ಮನೆ ತಡೆದುಕೊಂಡಳು. ಅವಳು ಇವತ್ತು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಪ್ರತಿ ಊಟಕ್ಕೂ ಹೆದರುತ್ತ ಕೂತೆ. ಅವಳು ಹೇಳುವ ಮೊದಲು ನಾನೇ ಹೇಳಿಬಿಡಬಹುದಿತ್ತು ಎಂಬುದು ಹೊಳೆಯದೆ ಏನಿರಲಿಲ್ಲ. ಹೊಳೆದಾಗಲೆಲ್ಲ ನಾಳೆ ಅಂದುಕೊಂಡೆ.

ತಡೆಯಲಾರದೆ ಒಮ್ಮೆ ಕೇಳಿದೆ. "ಆ ಸೊಪ್ಪು ಕೊಯ್ಯೋದು ಹಾಕಿದ್ದೀಯಾ?"

"ಹಾಕ್ದೇ ಇರೋಕಾಗುತ್ತಾ? ಸೊಪ್ಪಿಲ್ದೆ ಹುಳ ಏನು ತಿನ್ನುತ್ತೆ?"

"ಅದ್ರಲ್ಲಿ ಮಾತು ಗೀತು..."

"ಕಾಲೇಜಲ್ಲಿ ತೋರಿಸ್ತಾರೆ. ಬಂದು ನೋಡು" ಅಂದಳು. "ಅಪ್ಪನ್ನೂ ಕರ್ಕೊಂಡು ಬಾ."

ಅಪ್ಪ ಬರುವುದಿಲ್ಲ ಎನ್ನುತ್ತಾನೆಂದು ನಂಬಿಕೊಂಡಿದ್ದೆ. ಅವನು ಹೊರಟೇಬಿಟ್ಟ. ಒಗೆದ ಪಂಚೆ ಉಟ್ಟು, ಕೋಲು ಹಿಡಿದು ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತ. "ಮುಖ ಯಾಕೋ ಹಂಗೈತೆ? ಹೊಟ್ಟೆ ಸರಿಯಿಲ್ವಾ?" ಅಂದ. ಹೌದು ಅಂದೆ. ಇಳಿದು ವಾಪಸ್ಸು ಹೋಗೋಣವಾ ಅಂದ. ಬಾಯಿಗೆ ಬಂದ ಹೂಂ ಎಂಬುದನ್ನು ಹಿಡಿದುಕೊಂಡು, ಬೇಡ ಎಂದು ತಲೆಯಲ್ಲಾಡಿಸಿದೆ. ತಂಗಿಯೊಬ್ಬಳೇ ಅಲ್ಲಿ ನಮ್ಮ ಖಾಲಿ ಸೀಟು ನೋಡುತ್ತಿರುತ್ತಾಳೆಂದು ನೆನಪಾಗಿತ್ತು.

ಕಾಲೇಜಿನ ದೊಡ್ಡ ಕೋಣೆಯಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಬೆಟ್ಟದ ಮೇಲೆ ಸೂರ್ಯ ಹುಟ್ಟಿದ ಚಿತ್ರ ಬಂತು, ಮೊಬೈಲ್ ಹುಚ್ಚಿನ ಹುಡುಗನ ಚಿತ್ರ ಬಂತು, ಹುಡುಗರು ಶಿಳ್ಳೆ ಹೊಡೆದರು. ಆಮೇಲೆ ಪರದೆ ಕಪ್ಪಾಯಿತು. ಆ ಕಪ್ಪಿನೊಳಗಿಂದ ಹುಳು ತಿನ್ನುವ ಸದ್ದು ಬಂತು. ಮೊದಲು ಸಣ್ಣಗೆ, ಬರಬರುತ್ತ ಕೋಣೆಯ ತುಂಬ. ಶಿಳ್ಳೆ ನಿಂತಿತು. ಅಪ್ಪ ಮುಂದಕ್ಕೆ ಬಾಗಿದ. "ಆ ಬೆಳೇದೇ ಅಲ್ವೇನೋ" ಅಂದ ನನ್ನ ಕಿವಿಯಲ್ಲಿ.

ಕೆರೆ ಏರಿ ಬಂತು. ಸೊಪ್ಪಿನ ತೋಟ ಬಂತು, ಕುಡುಗೋಲು ಹಿಡಿದ ನನ್ನ ಬೆನ್ನು ಬಂತು. ಈಗ ಬೇಲಿಯ ಆಚೆಯ ಕೂಗು ಕೇಳುತ್ತದೆ. ನಾನು ಕುರ್ಚಿಯ ಅಂಚನ್ನು ಹಿಡಿದೆ. 

ಏನೂ ಕೇಳಲಿಲ್ಲ. ನಾನು ಪರದೆಯ ಮೇಲೆ ಕೊಯ್ಯುತ್ತಿದ್ದೆ, ಕಡ್ಡಿಗಳು ಬೀಳುತ್ತಿದ್ದವು, ಬಾಯಿ ಅಲ್ಲಾಡುತ್ತಿತ್ತು. ಆದರೆ ಸದ್ದೇ ಇಲ್ಲ. ಕೋಣೆಯಲ್ಲಿ ಯಾರೋ ಕೆಮ್ಮಿದರು. ಒಬ್ಬ ಹುಡುಗ ಎದ್ದು ಹೋಗಿ ಸ್ಪೀಕರಿನ ವೈರನ್ನು ಅಲುಗಿಸಿ ನೋಡಿದ. "ಸೌಂಡು! ಸೌಂಡು!" ಎಂದು ಹಿಂದಿನಿಂದ ಕೂಗಿದರು. ತಂಗಿ ಪರದೆಯ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು, ಅಲುಗಲಿಲ್ಲ. ಹೊರೆ ಹುಳದ ಮನೆಯ ಬಾಗಿಲು ದಾಟುವ ತನಕ ಆ ಸದ್ದಿಲ್ಲದ ನಡಿಗೆ ಮುಗಿಯಲೇ ಇಲ್ಲ. ಆಮೇಲೆ ಶಿಡ್ಲಘಟ್ಟದ ಬಾಣಲೆ ಒಮ್ಮೆಲೇ ಕುದಿಯಿತು. ಜನ ಬೆಚ್ಚಿಬಿದ್ದರು.

ಮುಗಿದ ಮೇಲೆ ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಅದಕ್ಕೇ ಬಂತು. ಮೇಷ್ಟ್ರು ಎದ್ದುನಿಂತು, ಇಡೀ ಚಿತ್ರವನ್ನು ಶಬ್ದದಿಂದ ಕಟ್ಟಿ ನಡುವೆ ಶಬ್ದವನ್ನೇ ಕಿತ್ತುಹಾಕಿದ್ದು ಬಹಳ ಸೃಜನಶೀಲವಾಗಿದೆ, ಏನೋ ಕೆಟ್ಟದ್ದು ಆಗಲಿದೆ ಎಂದು ನಮಗೆಲ್ಲ ಅನ್ನಿಸಿತು, ಆ ಯೋಚನೆ ಯಾರದು ಎಂದು ಕೇಳಿದರು.

"ಯೋಚನೆ ಅಲ್ಲ ಸರ್" ಅಂದಳು ತಂಗಿ. "ಅಲ್ಲಿ ಸೌಂಡು ಹಾಕೋ ಹಾಗಿರಲಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ಅಲೀಪುರದ ಹುಡುಗಿ ನೋಡಿದಳು. ಅವಳಿಗೂ ಎಲ್ಲ ಗೊತ್ತು ಎಂದು ಆ ನೋಟದಲ್ಲಿತ್ತು. ತನ್ನ ಮೇಲೆ ಬಂದ ಅಪವಾದವನ್ನು ಒಂದು ಗುಂಡಿ ಒತ್ತಿ ಕಳೆದುಕೊಳ್ಳಬಹುದಾಗಿದ್ದವಳು ಗೆಳತಿಯ ಅಣ್ಣನೆಂದು ಸುಮ್ಮನಿದ್ದಳು. ಜನ ಮೆಚ್ಚಿದ್ದು ಅವರಿಬ್ಬರ ಜಾಣತನವನ್ನು. ಅದು ಜಾಣತನವೇ, ಹುಳುವಿನ ಸದ್ದಿನಿಂದ ಕಥೆ ಕಟ್ಟುವುದು ನನ್ನಂಥವನಿಗೆ ನೂರು ಜನ್ಮಕ್ಕೂ ಬರುವುದಿಲ್ಲ. ಆದರೆ ಆ ಮೌನ ಬೇರೆ. ಅದನ್ನು ಅವರು ನನಗೆ ಹೊದಿಸಿದ್ದರು. ನಾನು ಪಾರಾಗಿದ್ದೆ. ಪಾರಾದೆ ಎಂದು ತಿಳಿದ ಗಳಿಗೆಯಲ್ಲಿ ನನಗೆ ಮೊದಲಿಗಿಂತ ಹೆಚ್ಚು ಭಯವಾಯಿತು, ಇನ್ನು ಸಾಯುವ ತನಕ ಇದು ಹೀಗೇ ಇರುತ್ತದಲ್ಲ ಎಂದು.

ಹೊರಗೆ ಹೊಂಗೆ ಮರದ ಕೆಳಗೆ ಹುಡುಗಿಯರು ಬಂದು ನಿಂತರು. ಅಪ್ಪ ತಂಗಿಯ ತಲೆ ಮುಟ್ಟಿದ. ಆ ಬೆಳೆ ಹೋದ ಮೇಲೆ ಅದೇ ಮೊದಲು. "ಹುಳದ ಸದ್ದು ಬಲು ಚೆನ್ನಾಗಿ ಹಿಡಿದಿದ್ದೀಯ ಕಣಮ್ಮ. ಅದ್ಯಾಕೆ ನಿನ್ನ ಅಣ್ಣನ್ನ ಮೂಗನ್ನ ಮಾಡ್ದೆ?" ಎಂದು ನಕ್ಕ. ಆಮೇಲೆ ಅಲೀಪುರದ ಹುಡುಗಿಯ ಕಡೆ ತಿರುಗಿ, ದೊಡ್ಡ ಮನಸ್ಸು ಮಾಡಿದವನ ಹಾಗೆ ದನಿ ಇಳಿಸಿದ.

"ನೋಡಮ್ಮ, ಆದದ್ದು ಆಗೋಯ್ತು. ಚಿಕ್ಕೋರು, ನಿಮಗೇನು ತಿಳಿಯುತ್ತೆ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಮನೆಗೆ ಬಾ. ಹುಳದ ಮನೆಗೆ ಬರೋವಾಗ ಮಾತ್ರ ಅತ್ತರು ಗಿತ್ತರು ಹಾಕ್ಕೋಬೇಡ, ಅಷ್ಟೇ."

ಅವಳ ಮುಖ ಕೆಂಪಾಯಿತು. ತಂಗಿ ಏನೋ ಹೇಳಹೋದಳು. ಅವಳು ತಂಗಿಯ ಕೈ ಅದುಮಿ ತಡೆದು, ತಲೆ ತಗ್ಗಿಸಿ, "ಆಯ್ತು ಅಂಕಲ್, ಹಾಕ್ಕೊಳ್ಳಲ್ಲ" ಅಂದಳು.

ಅಪ್ಪನ ಕ್ಷಮೆ ಅವಳ ತಲೆಯ ಮೇಲೆ ಬಿದ್ದದ್ದನ್ನು ನಾನು ನೋಡಿದೆ.  ಅಪ್ಪ ಕೋಲೂರಿ ಗೇಟಿನ ಕಡೆ ಹೊರಟಿದ್ದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

"ಅಪ್ಪ, ನಿಂತ್ಕೋ. ಅವಳು ಏನೂ ಹಾಕ್ಕೊಂಡಿರಲಿಲ್ಲ. ಅಂಚಿನ ಸಾಲು ಕೊಯ್ದೋನು ನಾನು. ಔಷಧಿ ಹೊಡೆದವ್ರೆ ಅಂತ ಗೊತ್ತಿದ್ದೂ ಕೊಯ್ದೆ. ಸಂಜೆ ನೀನು ಅದೇ ಸೊಪ್ಪು ಎತ್ಕೊಂಡು ಹೋದಾಗ ನೋಡ್ತಾ ನಿಂತಿದ್ದೆ. ನಿನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳ್ದೆ."

 ಅಪ್ಪನ ಕೋಲು ಮಣ್ಣಿನಲ್ಲಿ ಊರಿಕೊಂಡಿತ್ತು. ಅವನ ಕಡೆ ನೋಡುವ ಧೈರ್ಯವಿಲ್ಲದೆ ನಾನು ಹುಡುಗಿಯರ ಕಡೆ ತಿರುಗಿದೆ. ಸುತ್ತ ಹುಡುಗರು ನಿಂತು ನೋಡುತ್ತಿದ್ದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ತಪ್ಪಾಯ್ತು ಕಣಮ್ಮ. ನೀನು ನಮ್ಮ ಮನೆಗೆ ಬಂದ ಹುಡುಗಿ, ನನ್ನ ತಪ್ಪನ್ನ ನಿನ್ನ ಮೇಲೆ ಹಾಕೋವಾಗ ನಾನು ಬಾಯಿ ಮುಚ್ಕೊಂಡಿದ್ದೆ. ನನ್ನ ಕ್ಷಮಿಸು. ತಂಗೀ, ನಿನ್ನಿಂದ ಆಗಿದ್ದಲ್ಲ, ನನ್ನಿಂದ ಆಗಿದ್ದು. ಆ ಗುಂಡಿ ಹತ್ರ ನೀನು ಅಳ್ತಿದ್ದಾಗಲೇ ಹೇಳ್ಬೇಕಿತ್ತು, ಹೆದರ್ಕೊಂಡೆ. ನನ್ನ ಕ್ಷಮಿಸಮ್ಮ."